ಬಂದವರು ಯಾರು, ತಂದ ಆದೇಶ ಯಾವುದು?



2025ರ ಜುಲೈ ನಿಮಗೆ ನೆನಪಿರಬೇಕು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬೋರ್ಡು ಹಾಕಿದವು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ. ಬಿಡಿ ಹಾಲು, ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ಹಲವರ ಉತ್ತರ ಇಷ್ಟರಲ್ಲೇ ಇತ್ತು. ಆದರೂ ಕಾಗದ ಕಂಡೊಡನೆ ಕೈಕಾಲು ಆಡಲಿಲ್ಲ.

ಕಾಗದಕ್ಕೇ ಹೀಗಾದರೆ, ಅಧಿಕಾರಿಯೇ ಬಂದು ನಿಂತಾಗ? ಅವರು ಬರುವ ಹೊತ್ತಿಗೆ ಯಜಮಾನರು ಊಟಕ್ಕೆ ಹೋಗಿರುತ್ತಾರೆ. ಗಲ್ಲಾದಲ್ಲಿ ಹುಡುಗನೊಬ್ಬ. “ಲೈಸೆನ್ಸ್ ಎಲ್ಲಿ? ಇಲ್ಲಿ ಸೈನ್ ಹಾಕು” ಎಂದರೆ ಹಾಕುತ್ತಾನೆ. ಬಂದವರು ಯಾವ ಇಲಾಖೆಯವರೆಂದು ಸಂಜೆ ಕೇಳಿದರೆ ಅವನಿಗೆ ಹೇಳಲು ಬರುವುದಿಲ್ಲ. ಕಾನೂನು ಅರಿವಿನ ಶಿಬಿರಗಳಿಗೆ ನಾವು ಕರೆಯುವುದು ಯಜಮಾನರನ್ನು. ಮೊದಲು ತಿಳಿಯಬೇಕಾದವನು ಆ ಹುಡುಗ ಎಂಬುದು ನನ್ನ ವಾದ.

ಬಾಗಿಲು ಹಾಕಿ ಎನ್ನುತ್ತಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗೆ ಒಳಗೆ ಬಂದು ತಪಾಸಣೆ ಮಾಡುವ ಅಧಿಕಾರವನ್ನು 2006ರ ಕಾಯ್ದೆ ಕೊಟ್ಟಿದೆ. ಅಡ್ಡಿಪಡಿಸಿದರೆ ಶಿಕ್ಷೆಯುಂಟು. ಆದರೆ ಅದೇ ಕಾಯ್ದೆ ಅವರಿಗೂ ಕಟ್ಟು ಹಾಕಿದೆ. ಮಾದರಿಗೆಂದು ಬೆಣ್ಣೆ ಬಿಸ್ಕತ್ತು ತೆಗೆದುಕೊಂಡರೆ ಅಂಗಡಿಯ ದರದಲ್ಲಿ ದುಡ್ಡು ಕೊಡಬೇಕು. ಪರೀಕ್ಷೆಗೆ ಕಳಿಸುತ್ತೇವೆಂದು ಲಿಖಿತ ನೋಟಿಸ್ ಕೊಡಬೇಕು. ಅಂಗಡಿಯವರ ಎದುರಿಗೇ ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ. ಉಳಿದ ಒಂದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ಅಂಗಡಿಯವರು ಕೇಳಬಹುದು. ಮುಂದೆ ವರದಿಯ ಬಗ್ಗೆ ತಕರಾರು ಎದ್ದರೆ ಈ ಭಾಗ ಆಸರೆಯಾಗಬಹುದು. ಇದನ್ನು ಕೇಳುವವರು ಮಾತ್ರ ವಿರಳ. ಸಕಾರಣವಿಲ್ಲದೆ, ಕಿರುಕುಳ ಕೊಡಲೆಂದೇ ಮಾಲು ವಶಪಡಿಸಿಕೊಂಡ ಅಧಿಕಾರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು 39ನೇ ಕಲಮಿನಲ್ಲಿ ಅವಕಾಶವಿದೆ. ಸುಳ್ಳು ದೂರು ಕೊಟ್ಟರೆ ದೂರುದಾರರಿಗೂ ದಂಡ ಬೀಳುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಜಿಎಸ್‌ಟಿಯವರು ಶೋಧಕ್ಕೆ ಬಂದರೆ 67ನೇ ಕಲಮು. ಜಂಟಿ ಆಯುಕ್ತರ ದರ್ಜೆಗಿಂತ ಕೆಳಗಿನವರು ಶೋಧಕ್ಕೆ ಅನುಮತಿ ಕೊಡುವಂತಿಲ್ಲ. ಆ ಲಿಖಿತ ಅನುಮತಿಯನ್ನು ತೋರಿಸಿ ಎನ್ನಿ. ಸ್ಥಳೀಯ ಪಂಚರಿಬ್ಬರಾದರೂ ಇರಬೇಕು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ನಿಮ್ಮ ಕೈಗೆ ಬರಬೇಕು. “ಈಗಲೇ ಇಷ್ಟು ಕಟ್ಟಿಬಿಡಿ” ಎಂಬ ಒತ್ತಾಯ ಸಲ್ಲದೆಂದು ಗುಜರಾತ್ ಹೈಕೋರ್ಟ್ 2021ರಲ್ಲಿ ಹೇಳಿತು. ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯೂ 2022ರ ಮೇ ತಿಂಗಳಲ್ಲಿ ತನ್ನ ಅಧಿಕಾರಿಗಳಿಗೆ ಇದೇ ಸೂಚನೆ ಕೊಟ್ಟಿದೆ.

ಇನ್ನು ಮಾಮೂಲಿಯ ವಿಚಾರ. ಕೊಟ್ಟು ಕೈ ತೊಳೆದುಕೊಳ್ಳೋಣ ಎನ್ನುವವರಿಗೆ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ ಗೊತ್ತಿದ್ದಂತಿಲ್ಲ. ಈಗ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ. ನಮ್ಮಲ್ಲಿ ಆ ದೂರು ಲೋಕಾಯುಕ್ತ ಪೊಲೀಸರಿಗೆ.

ಇಷ್ಟೆಲ್ಲ ಕೆಲಸದವರಿಗೆ ಬಾಯಿಪಾಠವಾಗಬೇಕಿಲ್ಲ. ಗುರುತಿನ ಚೀಟಿ ನೋಡುವುದು, ಯಾವ ಕಾಯ್ದೆ ಎಂದು ಕೇಳುವುದು, ಯಜಮಾನರಿಗೆ ಫೋನ್ ಮಾಡುವುದು, ಓದದ ಕಾಗದಕ್ಕೂ ಖಾಲಿ ಹಾಳೆಗೂ ಸಹಿ ಹಾಕದಿರುವುದು, ಸಹಿ ಹಾಕಿದ ಕಾಗದದ ಪ್ರತಿ ಪಡೆಯುವುದು: ಇಷ್ಟು ಬಂದರೆ ಸಾಕು. ಮಾತು ಮೆತ್ತಗಿರಲಿ. “ಸಾರ್, ಸ್ವಲ್ಪ ಕೂತ್ಕೊಳ್ಳಿ, ಓನರ್‌ಗೆ ಫೋನ್ ಮಾಡ್ತೀನಿ” ಎಂದು ಕೇಳಿಕೊಂಡರೆ ಅದು ಅಡ್ಡಿಯಲ್ಲ.

ವರ್ತಕರ ಸಂಘಗಳು ವರ್ಷವರ್ಷವೂ ಕ್ಯಾಲೆಂಡರ್ ಹಂಚುತ್ತವೆ. ಈ ಐದು ಮಾತನ್ನು ದಪ್ಪಕ್ಷರದಲ್ಲಿ, ಸಂಘದ ವಕೀಲರ ಫೋನ್ ನಂಬರಿನೊಡನೆ, ಬರುವ ವರ್ಷದ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ ಎಂದು ಇಲ್ಲಿರುವ ಪದಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.