ಮಣ್ಣಿನೊಳಗಿನ ತೇವ



ಪರೀಕ್ಷೆಯ ಫಲಿತಾಂಶ ಬಂದ ದಿನ ಊರಿನಲ್ಲಿ ಎರಡು ಬಗೆಯ ಮನೆಗಳಿರುತ್ತವೆ. ಒಂದು ಬಗೆಯ ಮನೆಯಲ್ಲಿ ಪೇಢೆ ಹಂಚುತ್ತಾರೆ, ಇನ್ನೊಂದರಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ನೀವು ಎರಡನೆಯ ಮನೆಯಲ್ಲಿದ್ದರೆ, ಸಂಜೆಯ ಹೊತ್ತಿಗೆ ಅಜ್ಜಿಯೋ ದೊಡ್ಡಪ್ಪನೋ ಬಂದು ತಲೆ ನೇವರಿಸಿ, "ಎಲ್ಲಾ ದೇವರ ಇಚ್ಛೆ ಕಂದಾ, ಅವನು ಮಾಡೋದೆಲ್ಲ ಒಳ್ಳೇದಕ್ಕೇ" ಎನ್ನುತ್ತಾರೆ. ಆ ಮಾತಿನಿಂದ ಕೆಲವರಿಗೆ ಸಮಾಧಾನವಾಗುತ್ತದೆ. ಕೆಲವರಿಗೆ ಸಿಟ್ಟೇ ಬರುತ್ತದೆ. ವರ್ಷವಿಡೀ ಓದಿದವನಿಗೆ ಸೀಟು ತಪ್ಪುವುದರಲ್ಲಿ, ದುಡಿಯುವ ತಂದೆ ಹಾಸಿಗೆ ಹಿಡಿಯುವುದರಲ್ಲಿ ಎಂಥ ಒಳ್ಳೆಯದು ಅಡಗಿದೆ ಎಂಬ ಪ್ರಶ್ನೆ ಏಳುತ್ತದೆ. ಇದು ನ್ಯಾಯವಾದ ಪ್ರಶ್ನೆಯೇ. ಹಾಗಾದರೆ ದಾರಿ ಕಾಣದ ಕಾಲದಲ್ಲಿ ದೇವರನ್ನು ನಂಬುವುದು ಎಂದರೇನು? ಇಂದು ಅದನ್ನು ಸ್ವಲ್ಪ ಯೋಚಿಸೋಣ.

ಇದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಬ್ಬ ಬಾಲಕ ಹುಟ್ಟಿದ. ಹೆಸರು ಗದಿಗೆಯ್ಯ. ಹುಟ್ಟು ಕುರುಡ. ಅವನ ಸಹೋದರನಿಗೂ ಕಣ್ಣಿರಲಿಲ್ಲ. ಬಡವರ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು! ಇದರಲ್ಲಿ ದೇವರ ಯಾವ ಯೋಜನೆಯಿದೆ ಎಂದು ಅಂದು ಆ ತಾಯಿಯನ್ನು ಕೇಳಿದ್ದರೆ ಆಕೆ ಏನು ಹೇಳಿಯಾಳು? ಕಣ್ಣೀರೊಂದೇ ಉತ್ತರವಾಗಿರುತ್ತಿತ್ತು.

ಆ ಮಕ್ಕಳು ಹಾಡುತ್ತಿದ್ದರು. ಅದು ಹಾನಗಲ್ಲ ಕುಮಾರಸ್ವಾಮಿಗಳ ಕಿವಿಗೆ ಬಿತ್ತು. ಸ್ವಾಮಿಗಳು ಬರಿಯ ಅನುಕಂಪ ತೋರಿ ಮುಂದೆ ಹೋಗಲಿಲ್ಲ. ಮಕ್ಕಳಿಗೆ ಸಂಗೀತಪಾಠದ ವ್ಯವಸ್ಥೆ ಮಾಡಿದರು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತ. ಆಮೇಲೆ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಾಸ ಮಾಡಿದ. ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಗಳಿಸಿದ ಆತನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾದರು.

ಗವಾಯಿಗಳು ತಮ್ಮ ವಿದ್ಯೆಯನ್ನು ತಮಗಾಗಿ ಕೂಡಿಡಲಿಲ್ಲ. ಅಂಧ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಕಟ್ಟಿಕೊಂಡು ಊರೂರು ತಿರುಗುತ್ತ ಸಂಗೀತ ಶಾಲೆ ನಡೆಸಿದರು. ಭಕ್ತರು ಕೊಟ್ಟಾಗ ಉಂಡರು. ನಾಳೆಯ ಊಟ ಎಲ್ಲಿ, ನಾಳೆಯ ಬಿಡಾರ ಎಲ್ಲಿ ಎಂಬುದು ಖಚಿತವಿಲ್ಲದಿದ್ದರೂ ಇಂದಿನ ಪಾಠ ತಪ್ಪುತ್ತಿರಲಿಲ್ಲ. ಕೊನೆಗೆ ಗದಗಿನಲ್ಲಿ ಆ ಶಾಲೆಗೆ ನೆಲೆ ಸಿಕ್ಕಿತು. ಅದೇ ವೀರೇಶ್ವರ ಪುಣ್ಯಾಶ್ರಮ.

1944ರಲ್ಲಿ ಗವಾಯಿಗಳು ತೀರಿಕೊಂಡರು. ಆಶ್ರಮದ ತುಂಬ ಮಕ್ಕಳು. ಮುಂದೇನು? ಹೊಣೆ ಬಿದ್ದದ್ದು ಮೂವತ್ತು ವರ್ಷದ ಶಿಷ್ಯನ ಹೆಗಲಿಗೆ. 1914ರಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡು, ಸೋದರಮಾವನ ಆಸರೆಯಲ್ಲಿ ಬೆಳೆದು ಆಶ್ರಮ ಸೇರಿದ್ದ ಪುಟ್ಟರಾಜ ಗವಾಯಿಗಳು ಅವರು. ಮಕ್ಕಳ ಹೊಟ್ಟೆ ತುಂಬಿಸುವುದಕ್ಕೆ ನಾಟಕ ಕಂಪನಿಯೂ ಆಧಾರವಾಯಿತು. ಅವರು ಹಲವು ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಅದೇ ವರ್ಷ, 96ನೆಯ ವಯಸ್ಸಿನಲ್ಲಿ ಅವರು ದೇಹಬಿಟ್ಟರು. 66 ವರ್ಷ ಆಶ್ರಮವನ್ನು ನಡೆಸಿದ್ದರು. ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತ ಬಸವರಾಜ ರಾಜಗುರು, ಪುಟ್ಟರಾಜರಲ್ಲಿ ಕಲಿತ ವೆಂಕಟೇಶ ಕುಮಾರ್ ಅವರ ಗಾಯನ ದೇಶದ ಉದ್ದಗಲಕ್ಕೂ ಕೇಳಿಬಂದಿದೆ.

ಈಗ ಒಂದು ವಿಷಯ ಗಮನಿಸಿ. ಇಂದು ನಾವು ಹಿಂತಿರುಗಿ ನೋಡಿದರೆ ಕಾಡಶೆಟ್ಟಿಹಳ್ಳಿಯಿಂದ ಗದಗಿಗೆ ಒಂದು ನೇರ ಗೆರೆ ಎಳೆದಂತೆ ಕಾಣುತ್ತದೆ. "ನೋಡಿ, ಎಲ್ಲವೂ ದೈವಸಂಕಲ್ಪ" ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ಗೆರೆಯ ಮೇಲೆ ನಡೆದವರಿಗೆ ಗೆರೆ ಕಂಡಿರಲಿಲ್ಲ. ಹಾಡುವ ಹುಡುಗನಿಗೆ ಮುಂದೊಂದು ಆಶ್ರಮವಿದೆ ಎಂದು ಗೊತ್ತಿರಲಿಲ್ಲ. 1944ರಲ್ಲಿ ಗುರುವನ್ನು ಕಳೆದುಕೊಂಡ ಶಿಷ್ಯನಿಗೆ 2010ರ ಪ್ರಶಸ್ತಿ ಗೊತ್ತಿರಲಿಲ್ಲ. ಅವರ ಕೈಯಲ್ಲಿದ್ದದ್ದು ಅಂದಿನ ಪಾಠ, ಅಂದಿನ ಅಡುಗೆ, ಅಂದಿನ ಪ್ರಾರ್ಥನೆ ಇಷ್ಟೇ. ದೇವರ ಯೋಜನೆಯನ್ನು ನಂಬುವುದೆಂದರೆ ಅದನ್ನು ಮುಂಚೆಯೇ ತಿಳಿದುಕೊಳ್ಳುವುದು ಎಂದು ಎಷ್ಟೋ ಜನ ಭಾವಿಸುತ್ತಾರೆ. ತಿಳಿದಿದ್ದರೆ ನಂಬುವ ಅಗತ್ಯವಾದರೂ ಏನಿತ್ತು?

ಗದಗಿನ ಸುತ್ತಲ ಎರೆಭೂಮಿಯ ರೈತನನ್ನು ನೋಡಿ. ಆತ ಹಿಂಗಾರಿ ಜೋಳ ಬಿತ್ತುವುದು ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ. ಬಿತ್ತಿದ ಮೇಲೆ ಹೆಚ್ಚು ಮಳೆ ಬರುವುದಿಲ್ಲ. ಮೇಲ್ಮಣ್ಣು ಒಣಗಿ ಬಿರುಕು ಬಿಡುತ್ತದೆ. ಹೊಸಬರಿಗೆ ಇದೊಂದು ಹುಚ್ಚು ಸಾಹಸದಂತೆ ಕಂಡೀತು. ಆದರೆ ಎರೆಮಣ್ಣು ಮಳೆಯ ನೀರನ್ನು ಒಳಗೆ ಹಿಡಿದಿಟ್ಟುಕೊಂಡಿರುತ್ತದೆ. ಆ ಕಾಣದ ತೇವದಿಂದಲೇ ಜೋಳ ಬೆಳೆದು ತೆನೆ ಬಿಡುತ್ತದೆ. ರೈತನಿಗೆ ತೇವದ ಮೇಲೆ ಭರವಸೆ. ಹಾಗೆಂದು ಸುಮ್ಮನೆ ಕೂತಿರುವುದಿಲ್ಲ. ಮಳೆಯ ನೀರು ಇಂಗುವಂತೆ ಹೊಲ ಹಸನು ಮಾಡಿರುತ್ತಾನೆ, ಎಡೆ ಹೊಡೆಯುತ್ತಾನೆ, ಕಳೆ ತೆಗೆಯುತ್ತಾನೆ. ನಂಬಿಕೆಯೂ ದುಡಿಮೆಯೂ ಅಲ್ಲಿ ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳು.

ಮಿತ್ರರೇ, ಎರಡು ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು.

ಮೊದಲನೆಯದು, ದೇವರ ಹೆಸರನ್ನು ಸೋಮಾರಿತನಕ್ಕೆ ನೆಪ ಮಾಡಿಕೊಳ್ಳಬೇಡಿ. ಓದದೆ ಕೂತು "ಹಣೆಯಲ್ಲಿ ಬರೆದಂತೆ ಆಗುತ್ತದೆ" ಎನ್ನುವುದು ಭಕ್ತಿಯಲ್ಲ.

ಎರಡನೆಯದು, ಇನ್ನೊಬ್ಬರ ನೋವಿಗೆ "ಇದು ದೇವರ ಯೋಜನೆ" ಎಂದು ತೀರ್ಪು ಕೊಡಬೇಡಿ. ಕುಮಾರಸ್ವಾಮಿಗಳು ಆ ಅಂಧ ಬಾಲಕರಿಗೆ ಹಣೆಬರಹದ ಉಪದೇಶ ಮಾಡಿ ಕಳಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಗುರುವನ್ನು ಹುಡುಕಿಕೊಟ್ಟರು. ದೇವರ ಕೆಲಸ ಹೆಚ್ಚಾಗಿ ಮನುಷ್ಯರ ಕೈಯಿಂದಲೇ ನಡೆಯುತ್ತದೆ. ನಿಮ್ಮ ತರಗತಿಯಲ್ಲಿ ಮಂಕಾಗಿ ಕುಳಿತ ಗೆಳೆಯನಿಗೆ ನೀವು ಕೊಡುವ ನೋಟ್ಸು, ಅವನ ಜೊತೆ ನಡೆದುಹೋಗುವ ನಾಲ್ಕು ಹೆಜ್ಜೆ, ಅವನು ಬೇಡಿಕೊಂಡ ಪ್ರಾರ್ಥನೆಗೆ ಬಂದ ಉತ್ತರವೇ ಇರಬಹುದು.

ಹಾಗೆಯೇ ಕಷ್ಟ ನಿಮ್ಮದಾಗಿದ್ದಾಗ ಬೇರೆಯವರ ಕೈಯನ್ನು ತಳ್ಳಬೇಡಿ. ಮನಸ್ಸು ತೀರಾ ಭಾರವಾದರೆ, ಬದುಕೇ ಬೇಡವೆನಿಸಿದರೆ, ಒಬ್ಬರೇ ಕೂತು ಹೊರಬೇಡಿ. ಅಮ್ಮನಿಗೆ ಹೇಳಿ, ನಿಮ್ಮ ಮೇಷ್ಟರಿಗೆ ಹೇಳಿ, ಗೆಳತಿಗೆ ಹೇಳಿ. ಮನೆಯಲ್ಲಿ ಹೇಳಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಸಹಾಯ ಕೇಳುವುದು ನಂಬಿಕೆಯ ಕೊರತೆಯಲ್ಲ. ಆ ಬಾಲಕರೂ ಒಬ್ಬರ ಕೈ ಹಿಡಿದೇ ನಡೆದರು.

ಎಲ್ಲರ ಕಥೆಯೂ ಪ್ರಶಸ್ತಿಯಲ್ಲಿ ಮುಗಿಯುವುದಿಲ್ಲ. ಪುಣ್ಯಾಶ್ರಮದಲ್ಲಿ ಕಲಿತ ಎಲ್ಲರೂ ಪ್ರಸಿದ್ಧರಾಗಲಿಲ್ಲ. ಆದರೆ ಭಿಕ್ಷೆಯ ಬಟ್ಟಲು ಹಿಡಿಯಬೇಕಾಗಿದ್ದ ಕೈಗಳು ತಂಬೂರಿ ಹಿಡಿದವು, ತಬಲಾ ನುಡಿಸಿದವು. ಕಣ್ಣು ಮಾತ್ರ ಮರಳಿ ಬರಲಿಲ್ಲ. ಕತ್ತಲೆ ಹಾಗೆಯೇ ಉಳಿದರೂ ಆ ಕತ್ತಲೆಯೊಳಗೇ ಮಾಡಬಹುದಾದ ಒಂದು ಕೆಲಸ ಸಿಕ್ಕಿತು. ದೇವರಲ್ಲಿಟ್ಟ ನಂಬಿಕೆಯಿಂದ ನಾವು ನಿರೀಕ್ಷಿಸಬಹುದಾದದ್ದು ಇದನ್ನೇ.

ಆದ್ದರಿಂದ ದಾರಿ ಕಾಣದ ದಿನ "ನನಗೇ ಏಕೆ ಹೀಗಾಯಿತು?" ಎಂದು ದೇವರನ್ನು ಕೇಳಿ, ತಪ್ಪಿಲ್ಲ. ಉತ್ತರ ಕೂಡಲೇ ಬರದಿರಬಹುದು. ಅದರ ಜೊತೆಗೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: "ಇವತ್ತು ನನ್ನ ಪಾಲಿನ ಕೆಲಸ ಯಾವುದು?" ಇದಕ್ಕೆ ಉತ್ತರ ಸಾಮಾನ್ಯವಾಗಿ ಕೈಯಳತೆಯಲ್ಲೇ ಇರುತ್ತದೆ: ಓದಬೇಕಾದ ಒಂದು ಅಧ್ಯಾಯ, ಮತ್ತೊಮ್ಮೆ ತುಂಬಬೇಕಾದ ಒಂದು ಅರ್ಜಿ, ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಕೊಡಬೇಕಾದ ಮಾತ್ರೆ. ಅಷ್ಟನ್ನು ಮಾಡಿ ಮಲಗಿ. ಮಣ್ಣಿನೊಳಗೆ ತೇವವಿದೆ.