ಆಟಕ್ಕುಂಟು, ಲೆಕ್ಕಕ್ಕಿಲ್ಲ



‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ನಾವು ದೊಡ್ಡವರನ್ನು ಹಾಸ್ಯಮಾಡುವುದುಂಟು. ಮಕ್ಕಳ ನಡುವೆಯಾದರೋ ಅದು ಹಾಸ್ಯವಲ್ಲ, ಧರ್ಮ. ಆರು ವರ್ಷದವರ ಕಣ್ಣಾಮುಚ್ಚಾಲೆಯಲ್ಲಿ ಮೂರು ವರ್ಷದ ಕೂಸೊಂದು ಸೇರಿತೆನ್ನಿ. ಸಿಕ್ಕಿಬಿದ್ದರೂ ಅದಕ್ಕೆ ಸೋಲಿಲ್ಲ. ಅದನ್ನು ಹಿಡಿಯಬೇಕಾದ ಹುಡುಗನು ಬೇಕೆಂದೇ ಮೆಲ್ಲನೆ ಓಡುವನು. ಆಟದ ನಿಯಮವನ್ನು ಬಿಡಿಸಿ ಹೇಳುವನು. ಹೇಳುತ್ತ ತಾನೂ ಕಲಿಯುವನು. ಇದನ್ನು ಯಾವ ಉಪಾಧ್ಯಾಯರೂ ಬೋಧಿಸಿದ್ದಲ್ಲ.

1907ರಲ್ಲಿ ರೋಮ್ ನಗರದಲ್ಲಿ ಮಾರಿಯಾ ಮಾಂಟೆಸೊರಿಯವರು ತೆರೆದ ಶಿಶುಗೃಹದಲ್ಲಿಯೂ ಬೇರೆಬೇರೆ ವಯಸ್ಸಿನ ಮಕ್ಕಳು ಒಟ್ಟಿಗಿದ್ದರು. ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಮೂರರಿಂದ ಆರು ವರ್ಷದವರು ಜೊತೆಯಾಗಿ ಬೆಳೆಯುತ್ತಾರೆ. ಹೆಸರಿನಲ್ಲಿಯೇ ಅಂಗಳವುಂಟು, ನೆಲದ ಮೇಲೂ ಇರಬೇಕಷ್ಟೆ!

ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯಂತಹ ಕಬ್ಬು ಬತ್ತಗಳ ಸೀಮೆಯಲ್ಲಿ ತಾಯಂದಿರಿಗೆ ಕಾಲುವೆಯ ಭಯ ಸಹಜವಾದುದು. ಆ ಭಯಕ್ಕೆ ಮದ್ದು ಗಟ್ಟಿಯಾದ ಬೇಲಿ ಮತ್ತು ಕಾಯುವ ಹಿರಿಯರೊಬ್ಬರ ಕಣ್ಣು. ಮಕ್ಕಳನ್ನು ದಿನವೆಲ್ಲ ಒಳಗೆ ಕೂಡಿಹಾಕುವುದಲ್ಲ. ಹೊಂಗೆಯ ನೆರಳು, ಒಂದು ಗಾಡಿ ಮರಳು, ಓಡಾಡಲು ಮುಳ್ಳಿಲ್ಲದ ನೆಲ, ಇಷ್ಟಿದ್ದರೆ ಉಳಿದುದನ್ನು ಮಕ್ಕಳೇ ಕಲ್ಪಿಸಿಕೊಳ್ಳುವರು.

ಇನ್ನೊಂದು ಮಾತನ್ನು ನಾವು ಹೇಳದೆ ಬಿಡಲಾರೆವು. ಕಬ್ಬು ಕಡಿಯುವ ದಿನಗಳಲ್ಲಿ ಹತ್ತು ವರ್ಷದ ಅಕ್ಕನ ಸೊಂಟಕ್ಕೆ ಮೂರು ವರ್ಷದ ತಮ್ಮನನ್ನೇರಿಸಿ, ಅವಳ ಶಾಲೆಯನ್ನು ತಪ್ಪಿಸುವುದು ಕೂಡಿ ಆಡುವುದಾಗದು. ಅಲ್ಲಿ ಅವಳು ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ. ತಮ್ಮನನ್ನು ಹಿರಿಯರು ಅಂಗನವಾಡಿಗೆ ಬಿಡಲಿ, ಅವಳು ಶಾಲೆಗೆ ಹೋಗಲಿ. ಸಂಜೆ ಇಬ್ಬರೂ ಕೇರಿಯ ಮಕ್ಕಳೊಡನೆ ಆಡಿಕೊಳ್ಳಲಿ.