ತರಬೇತಿಯ ಪಂಕ್ತಿಯಲ್ಲಿ ಎಲ್ಲರಿಗೂ ಸ್ಥಳವಿರಲಿ

ಬಾಳೆಹೊಸೂರಿನ ಹಾಗೂ ಸುತ್ತಲಿನ ಗ್ರಾಮಗಳ ಮಾನ್ಯ ದಂಪತಿಗಳೇ,

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದೆಂದು ಅನೇಕರು ಭಾವಿಸುವುದುಂಟು. ಹುಟ್ಟಿದ ಪ್ರತಿಯೊಂದು ಮಗುವೂ ತನ್ನ ಶಕ್ತ್ಯನುಸಾರ ಬೆಳೆದು ಮನೆಗೂ ಊರಿಗೂ ಉಪಯುಕ್ತವಾಗಿ ಬಾಳುವಂತೆ ನೋಡಿಕೊಳ್ಳುವುದೂ ಕುಟುಂಬ ಕಲ್ಯಾಣವೇ ಆಗಿದೆ. ವಿಕಲಚೇತನರಾದ ಮಕ್ಕಳ ವಿಷಯದಲ್ಲಿ ಈ ಮಾತು ಇನ್ನಷ್ಟು ಸತ್ಯ. ಅಂಥ ಮಕ್ಕಳು ಪ್ರಾಯಕ್ಕೆ ಬಂದಾಗ ಅವರನ್ನು ತಮ್ಮ ಊರಿನ ಮುಂದಾಳುಗಳನ್ನಾಗಿ ರೂಪಿಸುವ ತರಬೇತಿಗಳು ಈಗ ನಡೆಯುತ್ತಿವೆ. ಆ ತರಬೇತಿಗೆ ಮನೆಯಿಂದ ಯಾರು ಹೋಗಬೇಕು ಎಂಬ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಕ್ಕಿ ವಿಕಲಚೇತನರಿದ್ದರು. ಇಡೀ ದೇಶದಲ್ಲಿ ಅವರ ಸಂಖ್ಯೆ 2 ಕೋಟಿ 68 ಲಕ್ಷ. ಇವರಲ್ಲಿ ನೂರಕ್ಕೆ ಸುಮಾರು 69 ಮಂದಿ ಹಳ್ಳಿಗಳಲ್ಲಿಯೇ ವಾಸಿಸುವವರು. ನೂರಕ್ಕೆ ಸುಮಾರು 44 ಮಂದಿ ಸ್ತ್ರೀಯರು. ಆದರೆ ತರಬೇತಿಗೆ ಕರೆ ಬಂದಾಗ ಮನೆಯ ಹಿರಿಯರ ಮನಸ್ಸಿಗೆ ಮೊದಲು ಹೊಳೆಯುವುದು ಯಾರು? ಓದು ಬರಹ ಬಲ್ಲ, ಕಾಲಿನಲ್ಲಿ ಊನವಿದ್ದರೂ ಒಬ್ಬನೇ ಬಸ್ಸು ಹತ್ತಿ ಹೋಗಬಲ್ಲ ಗಂಡುಮಗ. ಅವನು ಹೋಗುವುದು ಸಂತೋಷದ ಸಂಗತಿಯೇ. ಆದರೆ ಮಾತು ಬಾರದ ಮಗಳು, ದೃಷ್ಟಿಯಿಲ್ಲದ ಸೊಸೆ, ಬುದ್ಧಿಯ ಬೆಳವಣಿಗೆ ನಿಧಾನವಾದ ತಮ್ಮ, ಇವರು ಮನೆಯಲ್ಲಿಯೇ ಉಳಿದುಬಿಡುತ್ತಾರೆ. “ನಮ್ಮ ಹುಡುಗಿಗೆ ಮಾತ ಬರೂದಿಲ್ಲ, ಅಲ್ಲಿ ಹೋಗಿ ಏನ ಮಾಡ್ಯಾಳು?” ಎಂದು ತಾಯಂದಿರು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಇಂದಿನ ಉದ್ದೇಶ.

ಮೊದಲು ಕಾನೂನಿನ ಮಾತನ್ನು ಅರಿಯೋಣ. 1995ರ ಕಾಯ್ದೆಯು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಗಳನ್ನು ಗುರುತಿಸಿದೆ. ದೃಷ್ಟಿ, ಶ್ರವಣ, ಮಾತು ಮತ್ತು ಚಲನೆಯ ತೊಂದರೆಗಳಲ್ಲದೆ ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ, ಕುಬ್ಜತೆ, ಥಲಸ್ಸೇಮಿಯಾ ಮೊದಲಾದ ರಕ್ತದ ತೊಂದರೆಗಳು, ಕುಷ್ಠರೋಗ ಗುಣವಾದ ಮೇಲೂ ಉಳಿದ ಊನ, ಆಸಿಡ್ ದಾಳಿಯ ಗಾಯ, ಇವೆಲ್ಲವೂ ಅದರಲ್ಲಿ ಸೇರಿವೆ. ಇಷ್ಟೊಂದು ಬಗೆಯ ಜನರ ಪರವಾಗಿ ಒಂದೇ ಬಗೆಯವರು ಮಾತನಾಡಿದರೆ ಸಾಕೆಂದು ಹೇಳಲಾದೀತೆ?

ಇದರ ಪರಿಣಾಮವು ಊರಿನಲ್ಲಿಯೇ ಕಾಣಬರುತ್ತದೆ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ನಿಧಿಯಲ್ಲಿ ಶೇಕಡಾ 5 ಭಾಗವನ್ನು ವಿಕಲಚೇತನರಿಗಾಗಿ ವೆಚ್ಚ ಮಾಡಬೇಕೆಂಬ ನಿಯಮವಿದೆ. ಆ ಹಣವನ್ನು ಯಾವುದಕ್ಕೆ ಬಳಸಬೇಕೆಂಬ ಚರ್ಚೆಯಲ್ಲಿ ಕಾಲಿನ ತೊಂದರೆಯುಳ್ಳವರು ಮಾತ್ರ ಕುಳಿತಿದ್ದರೆ, ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿ ಕಟ್ಟಿಸಿ ಕೆಲಸ ಮುಗಿಯಿತೆಂದು ಎಲ್ಲರೂ ಏಳುವರು. ಇಳಿಜಾರು ದಾರಿ ಬೇಕಾದದ್ದೇ. ಆದರೆ ಅಂಧನಿಗೆ ಬೇಕಾದ ಬಿಳಿಕೋಲು, ಕಿವುಡ ಮಗುವಿಗೆ ಬೇಕಾದ ಶ್ರವಣ ಯಂತ್ರ, ಗಾಲಿಕುರ್ಚಿಯಲ್ಲಿ ಕುಳಿತ ಸ್ತ್ರೀಗೆ ಬೇಕಾದ ಅಗಲ ಬಾಗಿಲಿನ ಶೌಚಗೃಹ, ಇವು ಯಾರ ಬಾಯಿಂದ ಬರಬೇಕು? ಕಷ್ಟವನ್ನು ಉಂಡವರೇ ಅದನ್ನು ಸ್ಪಷ್ಟವಾಗಿ ಹೇಳಬಲ್ಲರು. ಒಬ್ಬ ವಿಕಲಚೇತನನಿಗೆ ಇನ್ನೊಬ್ಬ ವಿಕಲಚೇತನನ ತೊಂದರೆಯು ತಾನಾಗಿಯೇ ತಿಳಿಯುವುದಿಲ್ಲ. ಜೊತೆಗೆ ಕುಳಿತು ಕಲಿತಾಗ ಮಾತ್ರ ತಿಳಿಯುತ್ತದೆ. ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಬಿತ್ತುವ ತಮಗೆ ಒಂದೇ ಬೆಳೆಯನ್ನು ನಂಬಿ ಕುಳಿತುಕೊಳ್ಳಬಾರದೆಂಬುದನ್ನು ನಾನು ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಯ ಗದಗಿನಲ್ಲಿಯೇ ಇದಕ್ಕೊಂದು ಹಿರಿಯ ನಿದರ್ಶನವಿದೆ. 1892ರಲ್ಲಿ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟುಗುರುಡರಾಗಿ ಜನಿಸಿದ ಪಂಚಾಕ್ಷರ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೂ ಬಡ ಅನಾಥ ಮಕ್ಕಳಿಗೂ ಅನ್ನವಿಕ್ಕಿ ಸಂಗೀತ ಕಲಿಸಿದರು. ದೃಷ್ಟಿಯುಳ್ಳ ಬಸವರಾಜ ರಾಜಗುರು ಅವರೂ ಆ ಗುರುವಿನ ಶಿಷ್ಯರೇ. ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಅಲ್ಲಿ ಶಿಷ್ಯರಾಗಿ ಬೆಳೆದು, 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ 2010ರವರೆಗೆ, ಎಂದರೆ 66 ವರ್ಷಗಳ ಕಾಲ, ಆಶ್ರಮವನ್ನು ನಡೆಸಿದರು. ಅವರಿಗೆ ಭಾರತ ಸರಕಾರವು 2010ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಂಗೀತವು ಕಿವಿಯಿಂದ ಕಲಿಯುವ ವಿದ್ಯೆಯಾದುದರಿಂದ ಕುರುಡುತನವು ಅಲ್ಲಿ ಅಡ್ಡಿಯಾಗಲಿಲ್ಲ. ಕಲಿಸುವ ರೀತಿಯು ಕಲಿಯುವವನಿಗೆ ಹೊಂದಿದರೆ ಬಾಗಿಲು ತೆರೆಯುತ್ತದೆ, ಹೊಂದದಿದ್ದರೆ ಮುಚ್ಚುತ್ತದೆ. ತರಬೇತಿಯ ಮಾತೂ ಹೀಗೆಯೇ. ಸಂಜ್ಞಾ ಭಾಷೆ ಬಲ್ಲವರೊಬ್ಬರು ಪಕ್ಕದಲ್ಲಿದ್ದರೆ ಮಾತು ಬಾರದ ಮಗಳು ಸಭೆಯಲ್ಲಿ ತನ್ನ ಅಭಿಪ್ರಾಯವನ್ನು ತಿಳಿಸುವಳು. ಇಲ್ಲದಿದ್ದರೆ ಶಿಲೆಯಂತೆ ಕುಳಿತು ಮರಳುವಳು. ಬರೆದುದನ್ನು ಓದಿ ಹೇಳಿದರೆ ಅಂಧರಿಗೆ ತಿಳಿಯುತ್ತದೆ. ಸರಳವಾದ ಮಾತಿನಲ್ಲಿ, ಚಿತ್ರ ತೋರಿಸಿ, ನಿಧಾನವಾಗಿ ವಿವರಿಸಿದರೆ ಬುದ್ಧಿಯ ಬೆಳವಣಿಗೆ ನಿಧಾನವಾದವರೂ ತಮ್ಮ ಬೇಕು ಬೇಡಗಳನ್ನು ಹೇಳಬಲ್ಲರು.

ಇಂಥ ಮುಂದಾಳುತನವು ಸ್ತ್ರೀಯರಿಗೆ ಸಲ್ಲದೆಂದು ತಿಳಿಯಬಾರದು. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಸ್ಥಾಪಿಸಿದ ಎನ್. ಎಸ್. ಹೇಮಾ ಅವರು ಸ್ವತಃ ಪೋಲಿಯೋಗೆ ತುತ್ತಾದ ಮಹಿಳೆ. ಅಮೆರಿಕದ ಯುಜೀನ್ ನಗರದಲ್ಲಿ 1997ರಿಂದ ವಿಕಲಚೇತನ ಸ್ತ್ರೀಯರಿಗಾಗಿಯೇ ಮುಂದಾಳುತನದ ತರಬೇತಿ ನಡೆದುಬಂದಿದ್ದು, ನಾನಾ ದೇಶಗಳ, ನಾನಾ ಬಗೆಯ ವೈಕಲ್ಯಗಳುಳ್ಳ ಸ್ತ್ರೀಯರು ಅಲ್ಲಿ ಒಂದೇ ಸಾಲಿನಲ್ಲಿ ಕುಳಿತು ಕಲಿತಿದ್ದಾರೆ.

ಹಾಗಾದರೆ ತಾವು ಮಾಡಬೇಕಾದುದೇನು? ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುವ ವ್ಯವಸ್ಥೆಯಿದೆ. ಗ್ರಾಮದ ಕಾರ್ಯಕರ್ತರು ಸ್ವತಃ ವಿಕಲಚೇತನರೇ ಆಗಿರುತ್ತಾರೆ. ಅವರನ್ನು ಮನೆಗೆ ಕರೆಯಿರಿ. ಮನೆಯಲ್ಲಿರುವ ವಿಕಲಚೇತನರೆಲ್ಲರ ಹೆಸರನ್ನೂ ಮರೆಮಾಚದೆ ಬರೆಯಿಸಿರಿ. ವಿಶಿಷ್ಟ ಗುರುತಿನ ಚೀಟಿ ಇಲ್ಲದಿದ್ದರೆ ಅರ್ಜಿ ಹಾಕಿಸಿರಿ. ತರಬೇತಿಯ ಕರೆ ಬಂದಾಗ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ: ತರಬೇತಿಯ ಕೋಣೆ ನೆಲಮಟ್ಟದಲ್ಲಿದೆಯೆ? ಸಂಜ್ಞಾ ಭಾಷೆ ಬಲ್ಲವರಿದ್ದಾರೆಯೆ? ಸ್ತ್ರೀಯರಿಗೆ ಪ್ರತ್ಯೇಕ ವಸತಿಯಿದೆಯೆ? ತಾಯಿಯೋ ಅಕ್ಕನೋ ಜೊತೆಗೆ ಇರಬಹುದೆ? ಹಾಲುಣ್ಣುವ ಕೂಸಿದ್ದರೆ ಕರೆದುಕೊಂಡು ಬರಬಹುದೆ? ಹೀಗೆ ಕೇಳುವುದು ತಮ್ಮ ಹಕ್ಕು. ಕೇಳಿದಾಗಲೇ ವ್ಯವಸ್ಥೆಯೂ ಸುಧಾರಿಸುವುದು.

ಕೊನೆಯದಾಗಿ ಒಂದು ಮಾತು. ತಮ್ಮ ಪೈಕಿ ಅನೇಕರ ಮನಸ್ಸಿನಲ್ಲಿ “ನಾವು ಹೋದ ಮೇಲೆ ಈ ಮಗುವಿನ ಗತಿಯೇನು?” ಎಂಬ ಚಿಂತೆ ಹಗಲಿರುಳೂ ಕೊರೆಯುತ್ತಿರಬಹುದು. ಆ ಚಿಂತೆಗೆ ಹಣ, ಹೊಲ, ಬಂಧುಬಳಗ ಇವು ಅರ್ಧ ಉತ್ತರ. ತನ್ನ ಬೇಡಿಕೆಯನ್ನು ತಾನೇ ಊರಿನ ಮುಂದಿಡಬಲ್ಲ ಧೈರ್ಯ, ಮತ್ತು ತನಗಾಗಿ ನಿಲ್ಲಬಲ್ಲ ಜೊತೆಗಾರರು, ಇವು ಉಳಿದರ್ಧ. ಆ ಉಳಿದರ್ಧವು ತರಬೇತಿಯ ಪಂಕ್ತಿಯಲ್ಲಿ ದೊರೆಯುತ್ತದೆ. ಆದುದರಿಂದ ಇಂದು ರಾತ್ರಿ ಊಟವಾದ ಮೇಲೆ ಗಂಡಹೆಂಡಿರಿಬ್ಬರೂ ಕುಳಿತು ಆಲೋಚಿಸಿರಿ. ಆ ಮಗುವನ್ನೂ ಹತ್ತಿರ ಕೂಡಿಸಿಕೊಂಡು ಅದರ ಇಚ್ಛೆಯನ್ನು ಕೇಳಿರಿ. ಮುಂದಿನ ಕರೆಗೆ, ಇದುವರೆಗೆ ಮನೆಯ ಹೊಸ್ತಿಲು ದಾಟದವರ ಹೆಸರು ಮೊದಲು ಹೋಗಲಿ ಎಂದು ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ.